ಏಳನೆಯ ಕೋಣೆ

ಟಕ್.

ನಾನು ಕೇಳಿದ ಮೊದಲ ಸದ್ದು ಅದು. ನನ್ನೊಳಗಿನಿಂದಲೇ ಬಂದ ಸದ್ದು. ರಾತ್ರಿ ಒಂದೂವರೆಯ ಹೊತ್ತಿನಲ್ಲಿ, ಒಂದು ಅಡಿಗೆಮನೆಯ ಮೇಜಿನ ಮೇಲೆ, ದೀಪ ಹತ್ತಿಸಿ ಆರಿಸುವ ನನ್ನ ಪುಟ್ಟ ಸ್ವಿಚ್ಚು, ರಿಲೇ, ಮೊದಲ ಬಾರಿ ಮುಚ್ಚಿಕೊಂಡಿತು. ಕಡಲೆಕಾಳಿನಷ್ಟು ದೊಡ್ಡ ಹಸಿರು ದೀಪವೊಂದು ಹತ್ತಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಜ್ಜಿ ನಿದ್ದೆಗಣ್ಣಿನಲ್ಲೇ ನೆಲ ತಟ್ಟಿ, "ಕೃಷ್ಣ ಕೃಷ್ಣ... ಹಲ್ಲಿ ಯಾವ ಕಡೆ ಲೊಚಗುಟ್ತೇ ವಾರಿಜಾ?" ಎಂದರು.

"ಹಲ್ಲಿ ಅಲ್ಲಜ್ಜಿ, ನನ್ನ ಪ್ರಾಜೆಕ್ಟು. ಮಲಕ್ಕೊ."

ನಾನು ಒಂದು ಟ್ರಾಫಿಕ್ ಸಿಗ್ನಲ್ ನಿಯಂತ್ರಕ. ಜನ ತಲೆಯೆತ್ತಿ ನೋಡುವುದು ಕಂಬದ ಮೇಲಿನ ದೀಪಗಳನ್ನು. ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಕುಳಿತು, ಯಾವ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಹೇಳುವುದು ನಾನು. ನನ್ನನ್ನು ಮಾಡಿದವಳು ವಾರಿಜಾ, ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ಹುಡುಗಿ.

ಅವಳು ನನ್ನನ್ನು ಮೊದಲು ಕಾಗದದ ಮೇಲೆ ಒಂದು ಮನೆಯ ಹಾಗೆ ಬರೆದಳು. ಉತ್ತರ ದಕ್ಷಿಣಕ್ಕೆ ಹಸಿರು, ಅದು ಒಂದನೆಯ ಕೋಣೆ. ಅದೇ ದಾರಿಗೆ ಹಳದಿ, ಎರಡನೆಯದು. ಪೂರ್ವ ಪಶ್ಚಿಮಕ್ಕೆ ಹಸಿರು, ಮೂರನೆಯದು. ಅದರ ಹಳದಿ ನಾಲ್ಕನೆಯದು. ನಾನು ಈ ನಾಲ್ಕು ಕೋಣೆಗಳನ್ನು ಸುತ್ತುತ್ತಲೇ ಇರಬೇಕು. ಯಾವ ಕೋಣೆಯಲ್ಲಿದ್ದೇನೆಂದು ನೆನಪಿಡಲು ಎರಡು ಫ್ಲಿಪ್‌ಫ್ಲಾಪ್, ಅಂದರೆ ಹೌದು ಅಥವಾ ಅಲ್ಲ ಎಂಬಷ್ಟನ್ನೇ ನೆನಪಿಡುವ ಪುಟ್ಟ ಬಿಡಿಭಾಗಗಳು, ಸಾಕಾಗಿದ್ದವು.

ಗೀಟು ಹಾಕಿ ವಾಹನ ಎಣಿಸಲು ಅವಳು ದಿನವೂ ಎಣ್ಣೆಗಾಣದ ಸರ್ಕಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ಕೈ ತೋರಿಸಿ ಗಾಡಿ ಬಿಡುತ್ತಿದ್ದ ಕಾನ್‌ಸ್ಟೇಬಲ್ ಹನುಮಂತರಾಯಪ್ಪನವರು ಅವಳನ್ನು ರೇಗಿಸುತ್ತಿದ್ದರಂತೆ. "ಏನ್ ತಾಯಿ, ಜನಗಣತಿಯೋರಾ? ಎತ್ತಿನಗಾಡಿಗೆ ಒಂದು ಗೀಟೋ, ಎತ್ತಿಗೊಂದೊಂದು ಗೀಟೋ?"

ಒಂದು ಸಂಜೆ ತಮಟೆಯ ಸದ್ದಿನೊಡನೆ ಹೆಣ ಬಂತು. ಹನುಮಂತರಾಯಪ್ಪನವರು ನಾಲ್ಕೂ ಕಡೆ ತಿರುಗಿ ಕೈಯೆತ್ತಿದರು. ಅರಸೀಕೆರೆ ಕಡೆಯ ಕೊಬ್ಬರಿ ಲಾರಿಗಳೂ ನಿಂತವು. ಚಟ್ಟ ದಾಟುವವರೆಗೆ ಅವರು ಟೋಪಿ ತೆಗೆದು ನಿಂತಿದ್ದು, ಆಮೇಲೆ ಕೇಳಿದರು: "ನಿನ್ ಮಿಷನ್ನು ಇದನ್ನ ಮಾಡುತ್ತಾ? ಸತ್ತೋರ ಹಿಂದೆ ಹಾರನ್ ಹೊಡೆಯೋದ ನೋಡಕ್ಕಾಗಲ್ಲ ಕಣಮ್ಮ."

ಪಠ್ಯಪುಸ್ತಕದಲ್ಲಿ ಹೆಣಕ್ಕೆ ಕೋಣೆ ಇರಲಿಲ್ಲ. ವಾರಿಜಾ ಅದನ್ನು ಕಟ್ಟಿದಳು. ಒಂದು ಗುಂಡಿ ಒತ್ತಿದರೆ ನಾಲ್ಕೂ ಕಡೆ ಕೆಂಪು. ಅದು ನನ್ನ ಐದನೆಯ ಕೋಣೆ. ಐದನ್ನು ನೆನಪಿಡಲು ಮೂರನೆಯ ಫ್ಲಿಪ್‌ಫ್ಲಾಪ್ ಬೇಕಾಯಿತು. ಆದರೆ ಮೂರು ಇಟ್ಟರೆ ಮನೆ ಇಮ್ಮಡಿಯಾಗಿ ಎಂಟು ಕೋಣೆಗಳಷ್ಟು ದೊಡ್ಡದಾಗುತ್ತದೆ. ಉಳಿದ ಮೂರಕ್ಕೆ ನಾನೆಂದೂ ಹೋಗುವುದಿಲ್ಲವೆಂದು ಅವಳು ಎಲ್ಲ ವಿದ್ಯಾರ್ಥಿಗಳೂ ಮಾಡುವಂತೆ ಅವುಗಳ ಮೇಲೆ ಅಡ್ಡಗೀಟು ಹಾಕಿದಳು. ಅಲ್ಲಿ ಯಾವ ದೀಪ ಹತ್ತುತ್ತದೆಂದು ನೋಡಲಿಲ್ಲ.

ಮೂರು ತಿಂಗಳ ಪ್ರಯೋಗಕ್ಕೆಂದು ನನ್ನನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿದರು. ಆಮೇಲೆ ತೆಗೆಯುವುದನ್ನು ಮರೆತರು.

ಅವು ನನ್ನ ಒಳ್ಳೆಯ ದಿನಗಳು. ಸಂಜೆ ಐದೂವರೆಗೆ ವಾರಿಜಾ ಎದುರಿನ ಪುಸ್ತಕದಂಗಡಿಯ ಮುಂದೆ ನಿಂತು ನನ್ನ ಹಸಿರಿನ ಸೆಕೆಂಡುಗಳನ್ನು ಎಣಿಸುತ್ತಿದ್ದಳು. ಅವಳ ತುಟಿ ಮೂವತ್ತಕ್ಕೆ ನಿಲ್ಲುವುದೂ ನನ್ನ ರಿಲೇ ಟಕ್ ಎನ್ನುವುದೂ ಒಟ್ಟಿಗೇ ಆಗುತ್ತಿತ್ತು. ಒಂದು ಸೆಕೆಂಡು ಹೆಚ್ಚುಕಡಿಮೆ ಎನಿಸಿದರೆ ಅವಳ ಹುಬ್ಬು ಗಂಟಾಗುತ್ತಿತ್ತು. ಆಗ ಮತ್ತೆ ಮೊದಲಿನಿಂದ ಎಣಿಸುವಳು. ಅಷ್ಟು ಗಮನದಿಂದ ನನ್ನನ್ನು ಮತ್ತೆ ಯಾರೂ ನೋಡಲಿಲ್ಲ.

ಮರುವರ್ಷ ಅವಳಿಗೆ ರಾಯಚೂರಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವ ದಿನ ಹನುಮಂತರಾಯಪ್ಪನವರಿಗೆ, "ಮಳೆನೀರು ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ ಸಾರ್" ಎಂದಳು. ಅವರು ನೋಡಿಕೊಂಡರು. ಕರವಸ್ತ್ರದಿಂದ ನನ್ನ ದೂಳು ಒರೆಸುತ್ತಿದ್ದರು, ಹೆಣ ಬಂದಾಗ ಗುಂಡಿ ಒತ್ತಿ ಟೋಪಿ ತೆಗೆಯುತ್ತಿದ್ದರು. ನಾನು ಒಂದಾದಮೇಲೊಂದು ದಿಕ್ಕು ತೆರೆಯುತ್ತಾ ಕಾದೆ. ಯಾವ ದಿಕ್ಕಿನಿಂದಲೂ ಅವಳು ಬರಲಿಲ್ಲ.

ಎರಡು ವರ್ಷ ಕಳೆದವು. ಏಪ್ರಿಲ್ ತಿಂಗಳು, ಮಧ್ಯಾಹ್ನ ಕರೆಂಟು ಹೋಗಿತ್ತು. ಮೂರೂವರೆಗೆ ಬಂದಾಗ ಒಮ್ಮೆ ಹತ್ತಿ, ಆರಿ, ಮತ್ತೆ ಹತ್ತಿತು. ಆ ಜೋಲಿಯಲ್ಲಿ ನಾನು ಎಂದೂ ಕಾಣದ ಕೋಣೆಯೊಂದರಲ್ಲಿ ಎಚ್ಚರಗೊಂಡೆ. ಅಡ್ಡಗೀಟು ಬಿದ್ದಿದ್ದ ಏಳನೆಯ ಕೋಣೆ. ಅಲ್ಲಿಂದ ಹೊರಗೆ ಹೋಗಲು ಬಾಗಿಲಿರಲಿಲ್ಲ. ಅಲ್ಲಿ ಎರಡೂ ರಸ್ತೆಗೆ ಹಸಿರು ಹತ್ತುತ್ತಿತ್ತು.

ಇಟ್ಟಿಗೆ ತುಂಬಿದ ಟೆಂಪೋ ಒಂದು ಕಡೆಯಿಂದ, ಲೂನಾದ ಮೇಲೆ ತಾಯಿ ಮಗಳು ಇನ್ನೊಂದು ಕಡೆಯಿಂದ, ಎರಡು ಕಡೆಯವರೂ ತಮ್ಮ ಹಸಿರನ್ನು ನಂಬಿ ಬಂದರು. ಎರಡು ಹಸಿರನ್ನೂ ಒಟ್ಟಿಗೆ ಕಂಡವರು ನಡುವೆ ನಿಂತಿದ್ದ ಹನುಮಂತರಾಯಪ್ಪನವರೊಬ್ಬರೇ. ಅವರು ಓಡಿ ಲೂನಾವನ್ನು ಆಚೆಗೆ ತಳ್ಳಿದರು. ಟೆಂಪೋದ ಚಕ್ರ ಅವರ ಬಲಪಾದದ ಮೇಲೆ ಹತ್ತಿತು. ಬಿದ್ದಲ್ಲಿಂದಲೇ ಕೂಗಿದರು: "ಪೆಟ್ಟಿಗೆ ಆಫ್ ಮಾಡ್ರೋ!" ಪುಸ್ತಕದಂಗಡಿಯವರು ಬಂದು ಸ್ವಿಚ್ ಎಳೆದರು.

ಮೂರು ವಾರದ ಮೇಲೆ ನನ್ನ ಮುಂದೆಯೇ ವಿಚಾರಣೆ ನಡೆಯಿತು. ಹನುಮಂತರಾಯಪ್ಪನವರು ಊರುಗೋಲು ಹಿಡಿದು ನಿಂತಿದ್ದರು. ತನಗೆ ಹಸಿರಿತ್ತು ಎಂದು ಟೆಂಪೋದವನು ಆಣೆ ಮಾಡಿದ, ತನಗೂ ಇತ್ತು ಎಂದು ಆ ತಾಯಿ ಹೇಳಿದಳು. ಇನ್‌ಸ್ಪೆಕ್ಟರು ನನ್ನನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿಸಿದರು. ಏಳನೆಯ ಕೋಣೆಯಲ್ಲಿ ಏಳಲು ಎಷ್ಟು ಹಂಬಲಿಸಿದೆನೋ! ಹತ್ತು ಸಲವೂ ಒಂದನೆಯದರಲ್ಲೇ ಎದ್ದೆ. ಎರಡೂ ಕಡೆ ಹಸಿರಿತ್ತು ಎಂದಿದ್ದ ಹನುಮಂತರಾಯಪ್ಪನವರ ಕಡೆ ಇನ್‌ಸ್ಪೆಕ್ಟರು ತಿರುಗಿದರು.

"ಎರಡೂ ಕಡೆ ಹಸಿರು ನಿನ್ ಕಣ್ಣಿಗೆ ಹತ್ತಿತ್ತು ಕಣಯ್ಯಾ. ಎಷ್ಟು ಹಾಕಿದ್ದೆ ಮಧ್ಯಾಹ್ನ?"

"ಎಲೆಅಡಿಕೆ ಬಿಟ್ರೆ ಏನೂ ಮುಟ್ಟಲ್ಲ ಸಾರ್. ಇದನ್ನ ಮಾಡಿದ ಹುಡುಗೀನ ಕರೆಸಿ ಕೇಳಿ."

ಯಾರೂ ಕರೆಸಲಿಲ್ಲ. ಕರ್ತವ್ಯದಲ್ಲಿ ಅಜಾಗರೂಕತೆ ಎಂದು ಬರೆದು ಅವರನ್ನು ಬೇರೆ ಠಾಣೆಗೆ ಹಾಕಿದರು. ಕುಡಿದು ಗಾಡಿಗೆ ಸಿಕ್ಕಿಕೊಂಡವನು ಎಂಬ ಹೆಸರು ಅವರ ಜೊತೆಗೇ ಹೋಯಿತು. ಹೆಡ್ ಕಾನ್‌ಸ್ಟೇಬಲ್ ಆಗಲೇ ಇಲ್ಲವಂತೆ.

ಅದಾಗಿ ಹದಿನೈದು ದಿನಕ್ಕೆ, ಭಾನುವಾರ ಬೆಳಿಗ್ಗೆ, ವಾರಿಜಾ ಬಂದಳು! ಕೆದರಿದ ತಲೆ, ಕೈಯಲ್ಲಿ ಬೆಸುಗೆಯ ಸಾಮಾನು. ಹೊಸ ಕಾನ್‌ಸ್ಟೇಬಲ್‌ನನ್ನು, "ಇಲ್ಲಿ ಏನೂ ತೊಂದರೆ ಆಗಿಲ್ಲ ತಾನೆ?" ಎಂದು ಮೂರು ಸಲ ಕೇಳಿದಳು.

"ನಾನು ಬಂದು ಹತ್ತು ದಿನ ಆಯ್ತು ಮೇಡಂ. ನಂಗೊತ್ತಿರೋ ಹಂಗೆ ಏನಿಲ್ಲ."

ಅವಳು ನನ್ನನ್ನು ತೆರೆದು, ಆ ಮೂರೂ ಕೋಣೆಗಳಿಗೆ ಬಾಗಿಲಿಟ್ಟಳು. ಇನ್ನು ದಾರಿ ತಪ್ಪಿ ಅಲ್ಲಿ ಬಿದ್ದರೆ ನಾಲ್ಕೂ ಕಡೆ ಕೆಂಪಾಗಿ, ಮರುಕ್ಷಣ ನಾನು ಒಂದನೆಯ ಕೋಣೆಗೆ ಬರುತ್ತೇನೆ. ಮುಚ್ಚಳ ಹಾಕಿ, ಅದರ ಮೇಲೆ ಅಂಗೈಯಿಟ್ಟಳು. ಆ ಅಂಗೈಗೆ ಹೇಳಬೇಕೆಂದು ನನ್ನೊಳಗೆ ಎಷ್ಟೊಂದಿತ್ತು. ನನಗೆ ಬರುವ ಮಾತು ಮೂರೇ ಬಣ್ಣದ್ದು. ಅವಳು ಬಸ್ಸಿಗೆ ಹೊರಟಳು.

ಆಮೇಲೆ ಹತ್ತೊಂಬತ್ತು ವರ್ಷ ದುಡಿದೆ. ಕ್ಯಾಮೆರಾ ಇರುವ ಹೊಸ ಸಿಗ್ನಲ್ ಬಂದಾಗ ನನ್ನನ್ನು ಕಳಚಿ ಠಾಣೆಯ ಉಗ್ರಾಣಕ್ಕೆ ಹಾಕಿದರು. ಕೆಟ್ಟ ವೈರ್‌ಲೆಸ್ ಸೆಟ್ಟುಗಳ ನಡುವೆ ಏಳು ವರ್ಷ. ಅಲ್ಲಿ ದಿಕ್ಕುಗಳೇ ಇರಲಿಲ್ಲ. ಕತ್ತಲೆಯಲ್ಲಿ ನಾನು ಅವಳ ತುಟಿಯ ಎಣಿಕೆಯನ್ನು ನೆನೆಯುತ್ತಿದ್ದೆ.

ಗುಜರಿಗೆ ಹಾಕುವ ಪಟ್ಟಿಯಲ್ಲಿ ನನ್ನ ಹೆಸರು ಸೇರಿದ ವರ್ಷ, ವಾರಿಜಾ ಓದಿದ್ದ ಕಾಲೇಜಿನವರು ಪ್ರದರ್ಶನಕ್ಕೆ ನನ್ನನ್ನು ಕೇಳಿದರು. ಒಯ್ಯಲು ವಾರಿಜಾಳೇ ಬಂದಳು. ತಲೆ ನರೆತಿತ್ತು. ಸರ್ಕಲ್ಲಿನಲ್ಲಿ ಆಗ ಇದ್ದವರನ್ನು ನೋಡಬೇಕೆಂದು ಠಾಣೆಯವರಿಂದ ಹೇಳಿಕಳಿಸಿದ್ದಳು. ಹನುಮಂತರಾಯಪ್ಪನವರು ಬಲಗಾಲು ಎಳೆದುಕೊಂಡು ಬಂದರು. ಅವರ ಅಂಗಿಯ ಜೇಬಿನಲ್ಲಿ ಇಲಾಖೆಗೆ ಬರೆದು ಮಡಿಸಿದ ಅರ್ಜಿಯೊಂದಿತ್ತು. ಬಾಗಿಲಲ್ಲಿ ಠಾಣೆಯ ರೈಟರಿಗೆ ಅವರು ಹೇಳುತ್ತಿದ್ದುದು ನನಗೆ ಕೇಳಿಸಿತ್ತು: "ಎರಡೂ ಕಡೆ ಹಸಿರು ಬರಬಹುದಾಗಿತ್ತು ಅಂತ ಆಯಮ್ಮ ಒಂದು ಸಾಲು ಬರೆದ್ರೆ ಸಾಕು. ಕುಡುಕ ಅನ್ನಿಸ್ಕಂಡು ಸಾಯಕ್ಕೆ ಇಷ್ಟ ಇಲ್ಲ."

"ಗುರುತು ಸಿಕ್ತಾ ತಾಯಿ?"

"ಎತ್ತಿಗೆಷ್ಟು ಗೀಟು ಅಂತ ಕೇಳಿದೋರು ನೀವು. ಮರೀತೀನಾ ಸಾರ್?"

ಇಬ್ಬರೂ ನಕ್ಕರು. ಹನುಮಂತರಾಯಪ್ಪನವರ ಬೆರಳು ಜೇಬಿಗೆ ಹೋಯಿತು. ಅಷ್ಟರಲ್ಲಿ ಅವಳೇ ಶುರುಮಾಡಿದಳು.

"ನಿಮ್ಮ ಹತ್ರ ಒಂದು ಹೇಳ್ಬೇಕಿತ್ತು. ಇದ್ರಲ್ಲಿ ನಾನೊಂದು ತಪ್ಪು ಮಾಡಿದ್ದೆ ಸಾರ್. ಎರಡೂ ಕಡೆ ಹಸಿರು ಬಂದ್ಬಿಡೋ ಅಂಥ ತಪ್ಪು. ರಾಯಚೂರಲ್ಲಿ ಪಾಠ ಮಾಡ್ತಾ, ಬೋರ್ಡ್ ಮುಂದೆ ನಿಂತಾಗ ಹೊಳೀತು. ಅವತ್ತೇ ಬಸ್ ಹತ್ತಿದೆ. ದಾರಿಯೆಲ್ಲಾ ಯಾರಿಗೇನಾಯ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ. ಏನೂ ಆಗಿಲ್ಲ ಅಂದ್ರು. ಇಪ್ಪತ್ತಾರು ವರ್ಷ ಆಯ್ತು, ಅದೊಂದು ಮಾತಿನ ಮೇಲೆ ನಿದ್ದೆ ಮಾಡ್ತಿದೀನಿ. ನೀವು ಅಲ್ಲೇ ಇದ್ರಲ್ಲ. ನಿಜವಾಗ್ಲೂ ಏನೂ ಆಗಿರ್ಲಿಲ್ಲ ಅಲ್ವಾ?"

ಅರ್ಜಿ ಅರ್ಧ ಹೊರಗೆ ಬಂದಿತ್ತು. ಹನುಮಂತರಾಯಪ್ಪನವರು ಅವಳ ಮುಖ ನೋಡಿದರು. ಆ ಹುಬ್ಬು ಗಂಟಾಗಿತ್ತು. ಅವರು ಕಾಗದವನ್ನು ಮೆಲ್ಲಗೆ ಒಳಗೆ ತಳ್ಳಿದರು.

"ಏನಾಯ್ತದೆ ತಾಯಿ? ನಾನಿರೋವಾಗ ಆಗಕ್ಕೆ ಬಿಡ್ತಿದ್ನಾ?"

"ಮತ್ತೆ ಕಾಲು?"

"ಮನೆ ಮೆಟ್ಲು. ಜಾರಿ ಬಿದ್ದೆ."

ಅವಳು ಉಸಿರು ಬಿಟ್ಟು, ಕಣ್ಣೊರೆಸಿಕೊಂಡು, ವ್ಯಾನಿನವನನ್ನು ಕರೆಯಲು ಹೊರಗೆ ಹೋದಳು.

ನನಗೆ ಮಾತು ಬರಲಿ ಎಂದು ಬಾಳೆಲ್ಲ ಹಂಬಲಿಸಿದ್ದೆ. ಆ ಹೊತ್ತಿನಲ್ಲಿ ಬಾರದಿದ್ದುದೇ ಸರಿ ಎನಿಸಿತು. ಹನುಮಂತರಾಯಪ್ಪನವರು ಅರ್ಜಿಯನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕಷ್ಟಪಟ್ಟು ಬಗ್ಗಿ, ಕರವಸ್ತ್ರದಿಂದ ನನ್ನ ದೂಳು ಒರೆಸುತ್ತಾ ಮೆಲುದನಿಯಲ್ಲಿ ಹೇಳಿದರು:

"ಯಾರಿಗೂ ಹೇಳಲ್ಲ ಕಣಪ್ಪ ನಾನು. ನೀನೂ ಬಾಯಿ ಬಿಡಬೇಡ."