ಮೆಲೆನೈತೆಯ ಎಲೆಗಂಟು

ಪಾದ್ರಿ ಸೆಮಿಸಿಯವರು ಪಾದರಕ್ಷೆ ಕಳಚಿ ತೂಕದ ಯಂತ್ರವನ್ನೇರಿದಾಗ ಟೊಂಗಾ ದ್ವೀಪದ ಆ ಚರ್ಚಿನ ಸಭಾಂಗಣದಲ್ಲಿದ್ದವರೆಲ್ಲ ಕತ್ತು ಚಾಚಿದರು. ಊರವರು ಮೈತೂಕ ಇಳಿಸಲೆಂದು ಆರೋಗ್ಯ ಇಲಾಖೆ ಹೂಡಿದ್ದ ಸ್ಪರ್ಧೆಗೆ ಮೊದಲು ಹೆಸರು ಕೊಟ್ಟವರು ಅವರೇ. ಸಕ್ಕರೆ ಕಾಯಿಲೆಯಿಂದಾಗಿ ಅವರ ಎಡಗಾಲಿನ ಹುಣ್ಣು ಇನ್ನೂ ಮಾಯ್ದಿರಲಿಲ್ಲ.

"ಹೋದ ಸಲಕ್ಕಿಂತ ಎರಡು ಕಿಲೋ ಜಾಸ್ತಿ ಆಗಿದೆ, ಪಾದ್ರಿಗಳೇ," ಎಂದಳು ನರ್ಸ್ ಲೋಸೆಲಿ.

"ಜೇಬಲ್ಲಿ ಬೈಬಲ್ ಇರ್ಬೇಕು, ನೋಡಮ್ಮ," ಎಂದರು ಯಾರೋ. ಸಭೆ ನಕ್ಕಿತು.

ಲೋಸೆಲಿ ನಗಲಿಲ್ಲ. "ಭಾನುವಾರ ಏನ್ ತಿಂತೀರಿ? ಹಿಂಗೇ ಆದ್ರೆ ಕಾಲು ಉಳಿಯಲ್ಲ."

"ಬಾಯಿ ನಂದು, ತಪ್ಪೂ ನಂದೇ. ಬರ್ಕೋ."

ಹಿಂದಿನ ಸಾಲಿನಲ್ಲಿದ್ದ ಮೆಲೆನೈತೆ ತಲೆ ತಗ್ಗಿಸಿದಳು. ಅವಳ ಗಂಡನನ್ನು ಕಡಲು ನುಂಗಿದ ವರ್ಷ ದಿನವೂ ಬಂದು ಅವಳೊಡನೆ ಮೌನವಾಗಿ ಕುಳಿತವರು ಈ ಪಾದ್ರಿಗಳು. ಅಂದಿನಿಂದ ಪ್ರತಿ ಭಾನುವಾರ ಅವಳು ಕುರಿಯ ಕೊಬ್ಬಿನ ಮಾಂಸವನ್ನು ಗಟ್ಟಿ ತೆಂಗಿನಹಾಲಿನೊಡನೆ ಕೆಸುವಿನೆಲೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಕಟ್ಟಿ, ನೆಲದೊಲೆಯಲ್ಲಿ ಬೇಯಿಸಿ ನೈವೇದ್ಯದಂತೆ ಅವರ ಮನೆಗೆ ಒಯ್ಯುತ್ತಿದ್ದಳು. ಅವರು ಒಮ್ಮೆಯೂ ಬೇಡವೆಂದವರಲ್ಲ. ಪಾದ್ರಿಗಳಿಗೆ ದಿನದೂಟದ ಬರಿಯ ಮೀನು ಬಡಿಸಿದವಳೆಂಬ ಹೆಸರು ಅವಳಿಗೂ ಬೇಕಿರಲಿಲ್ಲ.

ಲೋಸೆಲಿ ಅವಳ ತಮ್ಮನ ಮಗಳು, ಎಲ್ಲ ಬಲ್ಲವಳು. ಆದರೆ ಸೋದರತ್ತೆಗೆ ಎದುರಾಡುವುದು ಟೊಂಗಾದಲ್ಲಿ ಸಲ್ಲದ ನಡತೆ. ಅವಳು ಅತ್ತೆಯತ್ತ ನೋಡದೆ ಅಂಕಿಯನ್ನು ಬರೆದುಕೊಂಡಳು.

ಎಲ್ಲರೂ ಹೊರಟ ಮೇಲೆ ಮೆಲೆನೈತೆ ಬಾಗಿಲಲ್ಲಿ ನಿಂತಳು. "ಮೀನಿಗೆ ತೆಂಗಿನಹಾಲು ಎಷ್ಟು ಹಾಕ್ಬಹುದೇ?"

"ಸ್ವಲ್ಪ ಹಾಕಿ, ಅತ್ತೆ," ಎಂದಳು ಹುಡುಗಿ, ನೆಲ ನೋಡುತ್ತ.

"ಸ್ವಲ್ಪ ಅಂದ್ರೆ ನಂಗೆ ತಿಳಿಯಲ್ಲ. ಕೈಯಲ್ಲಿ ತೋರ್ಸು."

ಲೋಸೆಲಿ ಅಂಗೈಯನ್ನು ಕೊಂಚವೇ ಕುಳಿ ಮಾಡಿದಳು.

"ಇಷ್ಟು ನಮ್ಮನೆ ಬೆಕ್ಕಿಗೂ ಸಾಲ್ದು," ಎಂದು ಮೆಲೆನೈತೆ ಗೊಣಗಿ, ಆ ಅಂಗೈಯನ್ನು ಇನ್ನೊಮ್ಮೆ ನೋಡಿಕೊಂಡು ಹೋದಳು.

ಭಾನುವಾರ ಅವಳ ಎಲೆಗಂಟು ಎಂದಿನಷ್ಟೇ ದೊಡ್ಡದಿತ್ತು. ದಾರಿಯಲ್ಲಿ ನೋಡುವವರಿಗಾಗಿ ಒಳಗೆ ಕೆಸುವಿನೆಲೆ ಹೆಚ್ಚಾಗಿ ತುಂಬಿದ್ದಳು. ಪಾದ್ರಿಗಳು ಗಂಟು ಬಿಚ್ಚಿದರು. ಹಬೆಯ ನಡುವೆ ಬಿಳಿಯ ಮೀನು ಕಂಡಿತು. ಮೆಲೆನೈತೆ ತನ್ನ ಪಾದಗಳನ್ನೇ ನೋಡುತ್ತ ನಿಂತಳು. ಅಂದಿನ ಪ್ರಾರ್ಥನೆ ಎಂದಿಗಿಂತ ದೀರ್ಘವಾಗಿತ್ತು.

ಊಟ ಮುಗಿದ ಮೇಲೆ ಮೇಜಿನ ಕೆಳಗಿದ್ದ ಮುದಿ ನಾಯಿ ತನ್ನ ಭಾನುವಾರದ ಪಾಲಿಗಾಗಿ ಎದ್ದಿತು. ಕೆಳಗಿಟ್ಟ ಬಾಳೆಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಮೂಸಿತು. ಮಗುಚಿ ಹಾಕಿ ಮತ್ತೊಮ್ಮೆ ಮೂಸಿತು. ಪಾದ್ರಿಗಳು ಅದರಲ್ಲಿ ಏನನ್ನೂ ಉಳಿಸಿರಲಿಲ್ಲ.