ಬೆನ್ನಿನ ಚೀಲದ ಕಾಳು

ನೇಪಾಳದ ಗುಡ್ಡ ಹತ್ತಬೇಕಾದರೆ ಮೊದಲು ಬೆನ್ನಿಗೆ ಹತ್ತು ಕಿಲೋ ಭಾರ ಹೊತ್ತು ನಡೆದು ರೂಢಿ ಮಾಡಿಕೊಳ್ಳಬೇಕು ಎಂದು ಕಾಂತಾಬಾಯಿ ಟೀಚರ್ ಹೇಳಿದರು. ಬಸವಕಲ್ಯಾಣದಲ್ಲಿ ಅಪ್ಪನದು ಕಾಳಿನ ದುಕಾನ. ಹಾಗಾಗಿ ನಮ್ಮ ಮನೆಯಲ್ಲಿ ಭಾರ ಅಂದರೆ ಜೋಳವೇ. ಎತ್ತಿನ ಬೆನ್ನಿಗೆ ಹೊದಿಸುವ ಜೂಲು ಹೊಲಿಯುವ ಅಜೀಮುದ್ದೀನ್ ಚಾಚಾ ಹಳೇ ತಾಡಪತ್ರಿಯಲ್ಲಿ ಎರಡು ಪಟ್ಟಿಯ ಚೀಲ ಹೊಲಿದುಕೊಟ್ಟರು. "ಎತ್ತು ಯಾವುದು, ಅಳತಿ ತರ್ರಿ ಅಂದ್ರ ನೀನೇ ಬಂದು ನಿಂತೀ ಬೇಟಿ" ಎಂದು ನಕ್ಕರು.

ಕಾಂತಾಬಾಯಿ ಟೀಚರ್ ಮತ್ತು ನಾನು ಒಂದೇ ಶಾಲೆಯಲ್ಲಿ ಕಲಿಸುವವರು. ಅವರದು ಬೌದ್ಧರ ಮನೆ. ಬುದ್ಧ ಹುಟ್ಟಿದ ಲುಂಬಿನಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಬೇಸಿಗೆ ಸೂಟಿಯಲ್ಲಿ ಗುಲಬರ್ಗಾದ ಕೆಲವು ಟೀಚರುಗಳು ಹೊರಟಿದ್ದರು: ಲುಂಬಿನಿ, ಕೆತ್ತನೆ ಕಿಟಕಿಗಳ ಕಾಠ್ಮಂಡು, ಅಲ್ಲಿಂದ ಪೋಖರಾ, ಆಮೇಲೆ ಹಿಮದ ಗುಡ್ಡಗಳ ನಡುವೆ ಹಳ್ಳಿಯಿಂದ ಹಳ್ಳಿಗೆ ನಡಿಗೆ. "ಕೊನೀಗೆ ಮುಕ್ತಿನಾಥ ಅಂತದ. ಅಲ್ಲಿ ನಿಮ್ಮವರೂ ಕೈ ಮುಗೀತಾರ, ನಮ್ಮವರೂ ಮುಗೀತಾರ" ಎಂದರು ಟೀಚರ್.

ನನಗೆ ಬೇಕಾಗಿದ್ದು ಹಿಮ. ನಮ್ಮಪ್ಪನ ತಾಯಿ ಸೂಗಮ್ಮ ಆಯಿಯ ಕಥೆಗಳಲ್ಲಿ ಹಿಮದ ಗುಡ್ಡಗಳು ಬೇಕಾದಷ್ಟು. ಆಯಿ ಎಂದೂ ಗುಡ್ಡ ಕಂಡವಳಲ್ಲ. "ನಮ್ಮ ಕಲ್ಯಾಣದ ಕ್ವಾಟಿ ಅದ ನೋಡು, ಅದರ ಮ್ಯಾಲ ಇನ್ನೊಂದು ಕ್ವಾಟಿ ಇಡು, ಅದರ ಮ್ಯಾಲ ಮತ್ತೊಂದು" ಎಂದು ಕೈ ಎತ್ತಿ ಎತ್ತಿ ತೋರಿಸುತ್ತಿದ್ದಳು. ಅದರ ತುದಿಯಲ್ಲಿ ಮೋಡಗಳು ಕುರಿಗಳ ಹಾಗೆ ಮೇಯುತ್ತಿದ್ದವು. ನಾನು ಪಾಠ ಮಾಡುವಾಗಲೂ ಆ ಕುರಿಗಳನ್ನು ಎಣಿಸಿದ್ದುಂಟು.

ಅಪ್ಪ ಮಾತ್ರ ಒಪ್ಪಲಿಲ್ಲ.

"ದೇವರಿಗೆ ಬೇಡಿಕೊಂಡೀನಿ ಅಂದಿದ್ರ ಹೋಗು ಅಂತಿದ್ದೆ. ಬರೇ ನೋಡಾಕ ಅಷ್ಟು ದೂರ ಯಾರು ಹೋಗ್ತಾರ?"

"ನಾ ಹೋಗ್ತೀನ್ರಿ ಅಪ್ಪಾ."

"ನೀ ಹೋಗೂದಿಲ್ಲ." ಆಮೇಲೆ ಅವ್ವನ ಕಡೆ ತಿರುಗಿ, "ಟೀಚರ್ ಜೋಡಿ ನಾಲ್ಕು ದಿನ ನಡೀಲಿ ಬಿಡು. ಕಾಲು ಹಿಡಕೊಂಡ್ರ ತಾನೇ ಸುಮ್ಮಗಾಗ್ತಾಳ" ಎಂದರು.

ಹೀಗೆ ರವಿವಾರ ನಸುಕಿನಲ್ಲಿ ನಾವಿಬ್ಬರೂ ಪಕ್ಕದ ಹಳ್ಳಿ ಮೋರಖಂಡಿಯವರೆಗೆ ನಡೆದು ವಾಪಸ್ಸಾಗತೊಡಗಿದೆವು. ಟೀಚರ್ ಚೀಲದಲ್ಲಿ ಹಳೇ ಪುಸ್ತಕ, ನನ್ನದರಲ್ಲಿ ಜೋಳ.

ಮೊದಲ ಸಲ ಆ ಹಳ್ಳಿಯ ಮುಂದೆ ಗಯಾಬಾಯಿ ಎಂಬ ಮುದುಕಿ ತಡೆದು ಕೇಳಿದಳು: "ಚೀಲದಾಗ ಏನದವ್ವಾ?"

"ಜೋಳರಿ."

ಮುದುಕಿ ಚಪ್ಪಲಿ ಬಿಟ್ಟು ನನ್ನ ಕಾಲು ಮುಟ್ಟಿದಳು! ನಾನು ಹಿಂದಕ್ಕೆ ಸರಿಯುವುದರೊಳಗೆ ಮನೆಗೆ ಓಡಿ ಬೊಗಸೆ ತೊಗರಿ ತಂದು ಚೀಲಕ್ಕೆ ಸುರಿದಳು. ಗಾಡಿ ಬಿಟ್ಟು ಕಾಳು ಬೆನ್ನ ಮೇಲೆ ಹೊತ್ತು ನಡೆಯುವವರು ಯಾರು? ಬೇಡಿಕೊಂಡವರು. ಆ ಕಾಳು ಎಲ್ಲಿಗೆ? ದೇವರ ದಾಸೋಹಕ್ಕೆ. ಅದನ್ನು ಬೇರೆ ಕೇಳಬೇಕೆ? ನಾನು "ಅಲ್ರೀ, ಇದು..." ಎನ್ನುತ್ತಿದ್ದರೆ ಪಕ್ಕದ ಮನೆಯ ಬಕ್ಕಪ್ಪ ಕಡಲೆ ತಂದರು. ಮುಂದಿನ ವಾರ ದಾರಿಯಲ್ಲಿ ಮಂದಿ ಕಾಯ್ದು ನಿಂತಿದ್ದರು.

"ಹೇಳಿಬಿಡು" ಎಂದರು ಟೀಚರ್.

"ಹ್ಯಾಂಗ ಹೇಳ್ಲಿ? ಕೇಳಿಸ್ಕೊಳ್ಳಾಕ ತಯಾರಿಲ್ಲ."

"ಹಂಗಾದ್ರ ಹೊರು. ನೇಪಾಳಕ್ಕ ಇನ್ನೂ ಚಲೋ ತಯಾರಾಗ್ತಿ."

ಮಂದಿಯ ಕಾಳನ್ನು ಮನೆಯ ಡಬ್ಬಿಗೆ ಹಾಕಲು ಧೈರ್ಯವಾಗದೆ ಎಲ್ಲವನ್ನೂ ಚೀಲದಲ್ಲೇ ಬಿಟ್ಟೆ. ಚೀಲ ವಾರವಾರ ಉಬ್ಬಿತು.

ಒಂದು ಸಂತೆ ದಿನ ಗಯಾಬಾಯಿ ನೇರ ಅಪ್ಪನ ದುಕಾನಿಗೇ ಬಂದಳು. ಗಿರಾಕಿಗಳು ತುಂಬಿದ್ದರು.

"ಮಹಾರುದ್ರಪ್ಪನೋರ, ನಿಮ್ಮ ಮಗಳು ಬಂಗಾರದಂಥಾಕಿ. ನನ್ನ ಮೊಮ್ಮಗಳ ಹೆರಿಗಿ ಸುಸೂತ್ರ ಆಗ್ಲಿ ಅಂತ ನಾನೂ ತೊಗರಿ ಹಾಕೀನಿ. ಆಕೀನ ದೇವರಿಗೆ ಎಂದು ಕಳಸ್ತೀರಿ?"

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ, "ಬ್ಯಾಸಗಿ ಸೂಟಿಗೆ ಕಳಸ್ತೀನಿ" ಎಂದುಬಿಟ್ಟರು.

ಸಂಜೆ ಮನೆಗೆ ಬಂದವರ ಮುಖದಲ್ಲಿ ಖುಷಿ. "ಕಸ್ತೂರಿ, ಬೇಡಿಕೊಂಡೀಯಂತ. ಮೊದಲೇ ಹೇಳಬಾರದಾ? ನಾ ಸುಮ್ಮನ ಬೈದೆ."

ಆಯಿ ನನ್ನ ತೊಡೆ ಚಿವುಟಿದಳು. "ಹೂಂ ಅನ್ನು ಹುಚ್ಚಿ. ಮುಕ್ತಿನಾಥ ಇದ್ದೇ ಅದಲ್ಲ. ನನ್ನ ಸೊಸಿ ಮುಂದ ನಾ ಎಷ್ಟು ಸುಳ್ಳು ಹೇಳೀನಿ, ದೇವರು ಏನೂ ಮಾಡಿಲ್ಲ."

"ನಿಮ್ಮ ಸೊಸಿ ಇಲ್ಲೇ ಅದಾಳ" ಎಂದಳು ಅವ್ವ ಒಳಗಿನಿಂದ.

ಒಂದು 'ಹೂಂ' ಅಂದಿದ್ದರೆ ಮುಗಿಯುತ್ತಿತ್ತು. ಕುರಿಮೋಡ, ಕೆತ್ತನೆ ಕಿಟಕಿ ಎಲ್ಲ ನನ್ನವಾಗುತ್ತಿದ್ದವು. ಆದರೆ ಗಯಾಬಾಯಿಯ ಮೊಮ್ಮಗಳಿಗೆ ದಿನ ತುಂಬಿತ್ತು. ಅವಳ ಹೆಸರಿನ ತೊಗರಿ ನನ್ನ ಕೋಣೆಯ ಮೂಲೆಯಲ್ಲಿ ಕುಳಿತಿತ್ತು.

"ಇಲ್ರಿ ಅಪ್ಪಾ. ಬೇಡಿಕೊಂಡಿಲ್ಲ. ನಾ ನೋಡಾಕೇ ಹೊಂಟೀನಿ."

ಅಪ್ಪ ತೆಗೆದ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. "ಮತ್ತ ಆ ಕಾಳು?"

"ಚೀಲದಾಗ ಅದಾವ್ರಿ. ಒಂದೂ ತಗದಿಲ್ಲ."

"ಅವರವರದು ಅವರವರಿಗೆ ಮುಟ್ಟಿಸಿ ಬಾ. ಗುಡ್ಡದ ಮಾತು ಇನ್ನ ಈ ಮನ್ಯಾಗ ಬ್ಯಾಡ."

ಮರುದಿನವೇ ಮೋರಖಂಡಿಗೆ ಹೋಗಿ ಗಯಾಬಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಬರೇ ನೋಡಾಕ?" ಎಂದು ಬಾಯಿ ಮೇಲೆ ಸೆರಗಿಟ್ಟು ನಕ್ಕಳು. "ಅಯ್ಯ, ಗುಡ್ಡಾ ನೋಡಾಕ ಜೋಳಾ ಹೊತ್ತು ತಿರುಗ್ತಿ? ನಿಮ್ಮಪ್ಪ ನಿನಗ ಬಿಡಾಡಿ ಬಿಟ್ಟಾನ!"

"ನಿಮ್ಮ ತೊಗರಿ ವಾಪಸ್ ತಗೋರಿ."

ನಗು ನಿಂತಿತು. "ದೇವರಿಗೆ ಹಾಕಿದ್ದು ತಿರುಗಿ ತಗೊಂಡು ಬಾಣಂತಿ ಕ್ವಾಣ್ಯಾಗ ಇಡ್ಲಾ? ನೀ ಬೇಡಿಕೊಂಡಿಲ್ಲಂದ್ರ ಏನಾತು, ನಾ ಬೇಡಿಕೊಂಡೀನಿ. ಹೊತ್ತೀಯಲ್ಲ, ಮುಟ್ಟಿಸು."

ಬಕ್ಕಪ್ಪನೂ ಅದನ್ನೇ ಅಂದರು. ಉಳಿದವರೂ ಅದನ್ನೇ.

ಮನೆಗೆ ಬಂದು ಹೇಳಿದಾಗ ಅಪ್ಪ, "ಹುಮನಾಬಾದಿನ ವೀರಭದ್ರ ದೇವರ ಗುಡಿಗೆ ಟಾಂಗಾದಾಗ ಕಳಸ್ತೀನಿ" ಎಂದರು.

"ಹೊತ್ತು ಒಯ್ತಾಳ ಅಂತ ಅವರು ಹಾಕ್ಯಾರ್ರಿ. ನಾನೇ ಒಯ್ತೀನಿ."

"ಹುಮನಾಬಾದಿಗೆ? ಅಷ್ಟು ದೂರ ನಡಕೊಂತ?"

"ಮುಟ್ಟಿಸಿದ್ರ ನನ್ನ ಗುಡ್ಡಕ್ಕ ಕಳಸ್ತೀರೇನ್ರಿ? ನೋಡಾಕ ಅಂತ್ಲೇ?"

ಅಪ್ಪ ನನ್ನ ಕಾಲು ನೋಡಿದರು. "ಮೊದಲು ಮುಟ್ಟಿಸು."

ನಸುಕಿನಲ್ಲೇ ಹೊರಟೆವು. "ನಿನ್ನ ದೇವರ ಸುದ್ದಿ ನನಗ ಬ್ಯಾಡ, ನನಗ ಇದು ಪ್ರಾಕ್ಟೀಸ್" ಎಂದು ಟೀಚರ್ ಪುಸ್ತಕದ ಚೀಲ ಏರಿಸಿಕೊಂಡು ಬಂದರು. ಸಡಕಿಗೆ ಬಂದ ಮೇಲೆ ಯಾರೂ ಕಾಲು ಮುಟ್ಟಲಿಲ್ಲ. ಲಾರಿಗಳು ಧೂಳು ಹಾಕಿ ಹೋದವು. ರಾಜೇಶ್ವರದ ಹೋಟೆಲಿನಲ್ಲಿ ಚಹಾ ಕುಡಿದು ಏಳುವಾಗ ಚೀಲ ನನ್ನನ್ನು ಹಿಂದಕ್ಕೆ ಎಳೆದು ಬೆಂಚಿನ ಮೇಲೆ ಕೂಡಿಸಿತು. ಬಸ್ಸೊಂದು ನಮ್ಮ ಮುಂದೆಯೇ ನಿಂತು ಕಂಡಕ್ಟರ್, "ಬರ್ರಿ, ಜಾಗಾ ಅದ" ಎಂದ. ಟೀಚರ್ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಆಮೇಲಿನ ದಾರಿಯಲ್ಲಿ ಆಯಿಯ ಕಥೆ ಯಾವುದೂ ನೆನಪಾಗಲಿಲ್ಲ. ಮುಂದಿನ ಬೇವಿನ ಮರ ಎಲ್ಲಿದೆ ಎನ್ನುವುದಷ್ಟೇ ತಲೆಯಲ್ಲಿತ್ತು.

ಹುಮನಾಬಾದ್ ಮುಟ್ಟಿದಾಗ ಹೊತ್ತು ಇಳಿದಿತ್ತು. ಬಸ್ಸಿನಲ್ಲಿ ಬಂದ ಅಪ್ಪ ಗುಡಿಯ ಬಾಗಿಲಲ್ಲಿ ನಿಂತಿದ್ದರು. ಟೀಚರ್ ಹೊರಗೇ ಕಟ್ಟೆಯ ಮೇಲೆ ಕೂತು ಕಾಲಿನ ಬೊಬ್ಬೆ ನೋಡಿಕೊಳ್ಳತೊಡಗಿದರು. ಅಪ್ಪ ನನ್ನ ಹೆಗಲಿನಿಂದ ಚೀಲ ಇಳಿಸಿಕೊಂಡರು. ಇಳಿಸಿಕೊಳ್ಳುವಾಗ ಅವರ ಕೈ ಧಸಕ್ಕನೆ ಕೆಳಗೆ ಹೋಯಿತು.

"ಇದನ್ನ ಹೊತ್ತು ಬಂದಿ?"

"ಹೌದ್ರಿ."

ಎರಡೂ ಕೈಯಲ್ಲಿ ಚೀಲ ತಬ್ಬಿಕೊಂಡು ಒಳಗೆ ಹೋಗಿ ದಾಸೋಹದವರ ಮುಂದೆ ಸುರಿದು ಬಂದರು. ಖಾಲಿ ಚೀಲ ಝಾಡಿಸಿ ಮಡಿಚಿದರು. ನನಗೆ ಕೊಡಲಿಲ್ಲ. ಕಟ್ಟೆಗೆ ಹೋಗಿ ಟೀಚರ್ ಪಕ್ಕದಲ್ಲಿ, ನಡುವೆ ಒಂದಿಷ್ಟು ಜಾಗ ಬಿಟ್ಟು, ಕೂತರು.

"ಟೀಚರ್, ಆ ನೇಪಾಳದಾಗ ಥಂಡಿ ಎಷ್ಟು ಇರ್ತದ್ರಿ? ನಮ್ಮ ಕಂಬಳಿ ಸಾಲ್ತದೋ ಏನು ಬ್ಯಾರೆ ತಗೋಬೇಕು?"