ಹೆಬ್ಬೆಟ್ಟಿನ ಗೆರೆ

"ಗೆರೆ ಕಾಣ್ತಿಲ್ಲ ಕಣೇ, ಗೆರೆ! ಕಣ್ಣೇನು ಅಡ ಇಟ್ಟಿದ್ಯಾ? ಇನ್ನೊಂದ್ಸಲ ಒತ್ತಿಸಿ ಫೋಟೊ ಕಳ್ಸು."

ಫೋನಿನಲ್ಲಿ ನಮ್ಮ ಆಂಬುಲೆನ್ಸ್ ಆಫೀಸಿನ ಸಾಹೇಬ. ನನ್ನ ಮುಂದೆ ಸ್ಟ್ರೆಚರ್ ಮೇಲೆ ಪೇಂಟರ್. ಆರನೇ ಮಹಡಿಯ ಹೊರಗೋಡೆಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಬಳಿಯುತ್ತಿದ್ದವನು, ಗಂಟು ಬಿಚ್ಚಿ ಬಿದ್ದಿದ್ದ. ಕುತ್ತಿಗೆಗೆ ಪಟ್ಟಿ ಕಟ್ಟಿ, ಆಕ್ಸಿಜನ್ ಹಾಕಿ, ಗಾಡಿಗೆ ಏರಿಸಿ ನಾಲ್ಕು ನಿಮಿಷವಾಗಿತ್ತು. ಗಾಡಿ ನಿಂತೇ ಇತ್ತು.

ಕಂಪನಿಯ ಕಾನೂನು ಅದು. ರೋಗಿಯ ಕಡೆಯವರು ಯಾರಾದರೂ ಬಿಲ್ ಫಾರಂಗೆ ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಒತ್ತಿದವರೇ ಹಣ ಕಟ್ಟಬೇಕು. ಅದರ ಫೋಟೊ ನೋಡಿ ಆಫೀಸಿನವರು 'ಓಕೆ' ಅಂದ ಮೇಲೆ ಚಕ್ರ ಉರುಳಬೇಕು. ಓಕೆ ಬರದೆ ಹೊರಟರೆ ಮೊದಲ ಸಲ ವಾರದ ಸಂಬಳ ಕಡಿತ, ಎರಡನೇ ಸಲ ಕೆಲಸವೇ ಹೋಯಿತು. ಡ್ರೈವರಣ್ಣ ಹೋದ ತಿಂಗಳು ಒಬ್ಬ ಬಸುರಿಗಾಗಿ ಮೊದಲ ಸಲವನ್ನು ಖರ್ಚು ಮಾಡಿಕೊಂಡಿದ್ದ.

"ಸರ್, ಗೆರೆ ಬರಲ್ಲ," ಎಂದೆ. "ಇವರ ಕೈಯಲ್ಲಿ ಚರ್ಮಾನೇ ಇಲ್ಲ."

ಚಾವಣಿಯ ಮೇಲೆ ಹಗ್ಗ ಕಾಯುತ್ತಿದ್ದ ಮುದುಕ ಸ್ಟ್ರೆಚರಿನ ಪಕ್ಕ ಕೂತಿದ್ದ. ಗಂಟು ಬಿಚ್ಚಿದಾಗ ಓಡುವ ಹಗ್ಗವನ್ನು ಬರಿಗೈಯಲ್ಲಿ ಹಿಡಿದಿದ್ದ. ಎರಡು ಮಹಡಿಯವರೆಗೂ ಬಿಟ್ಟಿರಲಿಲ್ಲ. ನಾನು ಕೇಳಿದಾಗಲೆಲ್ಲ ಹೆಬ್ಬೆರಳು ಚಾಚುತ್ತಿದ್ದ. ಕಾಗದದ ಮೇಲೆ ಕೆಂಪು ಕಲೆಯಷ್ಟೇ ಬೀಳುತ್ತಿತ್ತು.

"ಹಂಗಾದ್ರೆ ಬೇರೆ ಯಾರ್ದಾದ್ರೂ ತಗೋ. ಬಿಟ್ಟಿ ಗಾಡಿ ಓಡಿಸೋಕೆ ನಿಮ್ಮಪ್ಪ ಡೀಸೆಲ್ ಹಾಕ್ಸವ್ನಾ?"

ನಾನು ಕೆಳಗಿಳಿದೆ. ಕಟ್ಟಡದ ಮ್ಯಾನೇಜರ್ ಬಕೆಟ್ ನೀರು ತರಿಸುತ್ತಿದ್ದ.

"ಸರ್, ಒಂದು ಸಹಿ."

"ನಾನ್ಯಾಕಮ್ಮ ಹಾಕ್ಲಿ? ಅವ್ನು ಮೇಸ್ತ್ರಿ ಕಡೆಯವ್ನು."

"ಮೇಸ್ತ್ರಿ ಫೋನ್ ಆಫ್ ಮಾಡ್ಕೊಂಡಿದಾರೆ."

"ಮೊದ್ಲು ಗಾಡಿ ಆಚೆ ತೆಗೀರಿ. ಮೂರು ಗಂಟೆಗೆ ಫ್ಲಾಟ್ ನೋಡೋಕೆ ಜನ ಬರ್ತಾರೆ." ಕೆಲಸದವನ ಕಡೆ ತಿರುಗಿದ. "ಏ, ಆ ಮೂಲೇಲೂ ಉಜ್ಜೋ. ಕಲೆ ನಿಂತ್ರೆ ನಿನ್ ತೊಗಲು ಸುಲೀತೀನಿ."

ಗೋಡೆಗೆ ಒರಗಿ ಇನ್ನೂ ಏಳೆಂಟು ಪೇಂಟರುಗಳು ನಿಂತಿದ್ದರು. ನಾನು ನೋಡಿದೊಡನೆ ಎಲ್ಲರೂ ನೆಲ ನೋಡಿದರು. ಅವರನ್ನು ಬೈಯುವ ನಾಲಿಗೆ ನನಗಿರಲಿಲ್ಲ. ನನ್ನ ತಾಯಿ ಬಿದ್ದ ದಿನ ನಾನೂ ಇಂಥದೇ ಕಾಗದದ ಮುಂದೆ ನೆಲ ನೋಡಿದ್ದೆ.

ಗಾಡಿಗೆ ಮರಳಿದಾಗ ಪೇಂಟರನ ಗಂಟಲಿನಲ್ಲಿ ಗೊರಗೊರ ಶುರುವಾಗಿತ್ತು.

"ತಂಗಿ, ಬೇಗ," ಎಂದ ಡ್ರೈವರಣ್ಣ. ಕೈ ಕೀಲಿಯ ಮೇಲಿತ್ತು. "ಓಕೆ ಬರದೆ ಹೊರಟ್ರೆ ನನ್ನ ಮೂರು ಮಕ್ಕಳು ಬೀದೀಲಿ. ಹೋಗ್ಲಿ, ಎಳೆದುಬಿಡ್ಲಾ? ಹೇಳು, ಎಳೆದುಬಿಡ್ತೀನಿ."

"ಇರಣ್ಣ."

ಹೊಸ ಫಾರಂ ತೆಗೆದೆ. ಶಾಯಿಪೆಟ್ಟಿಗೆಗೆ ನನ್ನ ಹೆಬ್ಬೆರಳು ಅದ್ದಿ ಒತ್ತಿದೆ. ಹೆಸರಿನ ಜಾಗದಲ್ಲಿ ನನ್ನ ಹೆಸರು. ಸಂಬಂಧ ಎಂಬಲ್ಲಿ 'ಅಕ್ಕ'. ಮುದುಕ ನನ್ನ ಬೆರಳನ್ನೇ ನೋಡುತ್ತಿದ್ದ.

ಫೋಟೊ ಹೋಯಿತು. ಸಾಹೇಬ ಹೆಸರು ಓದಲಿಲ್ಲ.

"ಹಾಂ! ಈಗ ನೋಡು, ಗೆರೆ ಎಷ್ಟು ಚೆನ್ನಾಗ್ ಬಂತು. ಮೊದ್ಲೇ ಮಾಡೋಕೆ ಏನಾಗಿತ್ತು ರೋಗ? ಓಕೆ."

"ಬೋಳಿಮಗನೇ," ಎಂದು ಡ್ರೈವರಣ್ಣ ಫೋನಿಗೆ ಹೇಳಿದನೋ ರಸ್ತೆಗೋ, ಗಾಡಿ ಹಾರಿತು. ದಾರಿಯುದ್ದಕ್ಕೂ ನಾನು ಗಂಟಲಿನ ರಕ್ತವನ್ನು ಕೊಳವೆಯಿಂದ ಎಳೆದು ತೆಗೆಯುತ್ತಿದ್ದೆ. ಮುದುಕ ಪೇಂಟರನ ಸೊಂಟದ ಬೆಲ್ಟು ಹಿಡಿದುಕೊಂಡಿದ್ದ, ಇನ್ನೂ ಹಗ್ಗ ಹಿಡಿದವನ ಹಾಗೆ.

ಆಸ್ಪತ್ರೆಯ ಬಾಗಿಲು ಪೇಂಟರನನ್ನು ಒಳಗೆ ಎಳೆದುಕೊಂಡು ಮುಚ್ಚಿತು. ನಾನೂ ಮುದುಕನೂ ಬೆಂಚಿನ ಮೇಲೆ ಕೂತೆವು. ನನ್ನ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಸಾಹೇಬ ಕೊನೆಗೂ ಹೆಸರು ಓದಿರಬೇಕು. ತೆಗೆಯಲಿಲ್ಲ.

ಅರ್ಧ ಗಂಟೆಯ ಮೇಲೆ ಗುಮಾಸ್ತ ಕಾಗದ ಹಿಡಿದು ಬಂದ.

"ಪೇಂಟರ್ ಕಡೆಯವರು ಯಾರು?"

ಮುದುಕ ಹಸಿಮಾಂಸದ ಅಂಗೈ ಎತ್ತಿದ. ನಾನು ಎದ್ದು ನಿಂತೆ.

ಗುಮಾಸ್ತ ನನ್ನ ಕೋಟಿನ ಮೇಲಿದ್ದ ಕಂಪನಿಯ ಹೆಸರು ಓದಿ ಹುಬ್ಬು ಗಂಟಿಕ್ಕಿದ. "ನೀವು ಆಂಬುಲೆನ್ಸಿನವರಲ್ವೇನ್ರೀ?"

"ಹೌದು. ಕೆಲಸದಿಂದ ನೇರ ಬಂದೆ," ಎಂದೆ. "ನಾನು ಅವನ ಅಕ್ಕ. ಹೇಳಿ, ಹೇಗಿದಾನೆ?"

ಗುಮಾಸ್ತ ಕಾಗದ ನೋಡಿದ. ನನ್ನ ಜೇಬಿನಲ್ಲಿ ಫೋನ್ ಮತ್ತೆ ಬಡಿದುಕೊಂಡಿತು.